ಮೈಲುತುತ್ತದ ನೀಲಿ, ಓಕುಳಿಯ ಕೆಂಪು

ಮದುವೆ ಮುಗಿಸಿ ಬಂದ ಗಂಡುಹೆಣ್ಣನ್ನು ಹೊಸಿಲ ಹೊರಗೇ ನಿಲ್ಲಿಸಿ ಕೆಂಪು ಆರತಿ ಎತ್ತುತ್ತಾರೆ. ತಟ್ಟೆಯ ನೀರಿಗೆ ಒಂದು ಚಿಟಿಕೆ ಅರಿಶಿನ, ಅದರ ಹಿಂದೆಯೇ ಉಗುರಂಚಿನಷ್ಟು ಸುಣ್ಣ. ಬೆರಳಾಡಿಸಿದ ಕೂಡಲೇ ಹಳದಿ ನೀರು ನೆತ್ತರಗೆಂಪಾಗುತ್ತದೆ. ಹಳದಿಗೆ ಬಿಳಿ ಸೇರಿದರೆ ತಿಳಿಹಳದಿ ಬರಬೇಕು. ಚಿತ್ರ ಬರೆಯುವ ಯಾವ ಮಗುವನ್ನು ಕೇಳಿದರೂ ಹಾಗೇ ಹೇಳೀತು. ಆದರೂ ಓಕುಳಿ ಕಲೆಸುವ ಕೈ ಒಂದು ಕ್ಷಣವೂ ನಿಲ್ಲುವುದಿಲ್ಲ. ದೃಷ್ಟಿ ತೆಗೆಯುವ ಗಡಿಬಿಡಿಯಲ್ಲಿ ಆ ನೀರು ಅಂಗಳದ ಮೂಲೆಗೆ ಚೆಲ್ಲಿಹೋಗುತ್ತದೆ. ತಲೆತಲಾಂತರದಿಂದ ನಮ್ಮ ಹೊಸಿಲುಗಳಲ್ಲಿ ರಸಾಯನಶಾಸ್ತ್ರದ ಅತ್ಯಂತ ಚೆಲುವಾದ ಪ್ರಯೋಗಗಳಲ್ಲೊಂದು ನಡೆಯುತ್ತಿದೆ. ಅದನ್ನು ಬೆರಗಿನಿಂದ ನೋಡುವ ಅವಕಾಶ ಮಾತ್ರ ಬಹಳ ಮಂದಿಗೆ ಸಿಕ್ಕಿಲ್ಲ.

ಅದೇ ಅರಿಶಿನ ಪ್ರೌಢಶಾಲೆಯ ಮೇಜಿನ ಮೇಲೆ ಬರಲಿ. ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದದ ಪಟ್ಟಿಗಳು, ಊದುಬತ್ತಿಯ ಕಡ್ಡಿ, ಸಣ್ಣ ಬಟ್ಟಲುಗಳಲ್ಲಿ ಸೋಪಿನ ನೀರು, ಸುಣ್ಣದ ತಿಳಿ, ಹುಣಿಸೆ ರಸ, ಮಜ್ಜಿಗೆ, ಬಟ್ಟೆ ಒಗೆಯುವ ಸೋಡಾ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಸೋಪಿನ ನೀರಿಗೆ ಕಡ್ಡಿ ಅದ್ದಿ ಹಳದಿ ಕಾಗದದ ಮೇಲೆ ತನ್ನ ಹೆಸರಿನ ಮೊದಲಕ್ಷರ ಬರೆಯುತ್ತಾಳೆ. ಕೆಂಪಕ್ಷರ ಏಳುತ್ತದೆ. ಮೇಲೊಂದು ಹನಿ ನಿಂಬೆರಸ ಬಿದ್ದರೆ ಅಕ್ಷರ ಅಳಿದು ಮತ್ತೆ ಹಳದಿ. ಪುಸ್ತಕದ ಚಟುವಟಿಕೆ ಇಲ್ಲಿಗೆ ಮುಗಿಯಿತು, ಹುಡುಗಿಯದು ಮುಗಿಯಲಿಲ್ಲ. ಅವಳು ಅದೇ ಜಾಗಕ್ಕೆ ಮತ್ತೆ ಸೋಪಿನ ನೀರು ಮುಟ್ಟಿಸುತ್ತಾಳೆ, ಮತ್ತೆ ನಿಂಬೆ, ಮತ್ತೆ ಸೋಪು. ಯಾರೂ ಹೇಳಿಕೊಡದೆ ಮಾಡುವ ಈ ಎರಡನೆಯ ಸಲದಲ್ಲೇ ನನಗೆ ವಿಜ್ಞಾನ ಕಾಣುವುದು. ಮೊದಲ ಸಲ ಬಣ್ಣ ತಿರುಗಿದಾಗ ಹುಟ್ಟುವುದು ಅಚ್ಚರಿ. ಎರಡನೆಯ ಸಲ ಬೇಕೆಂದೇ ತಿರುಗಿಸಿ, ಅದು ಹಾಗೇ ತಿರುಗಿದಾಗ ಹುಟ್ಟುವುದು ಬೇರೆಯದೇ ಒಂದು ಭಾವ. ತಾನು ಕೇಳಿದ್ದಕ್ಕೆ ಎದುರಿನ ವಸ್ತು ಉತ್ತರ ಕೊಟ್ಟಿತೆಂಬ ಬೆರಗು ಅದು.

ಉತ್ತರ ಸಿಕ್ಕ ಮೇಲೆ ಪ್ರಶ್ನೆಗಳಿಗೆ ಬರವಿಲ್ಲ. ಹುಣಿಸೆ ರಸ ಹಾಕಿದರೆ ಅರಿಶಿನ ಹಳದಿಯಾಗಿಯೇ ಇದೆ, ಬರೀ ನೀರು ಹಾಕಿದರೂ ಹಳದಿಯೇ. ಹಾಗಾದರೆ ಹುಣಿಸೆಗೂ ನೀರಿಗೂ ವ್ಯತ್ಯಾಸವಿಲ್ಲವೇ? ಅರಿಶಿನಕ್ಕೆ ಹುಳಿ ಕಾಣುವುದಿಲ್ಲ, ಅಷ್ಟೆ. ಅದರೊಳಗಿನ ಕರ್ಕ್ಯುಮಿನ್ ಬಣ್ಣ ಬದಲಿಸುವುದು ಪಿಎಚ್ ಸುಮಾರು 8ರ ಆಸುಪಾಸಿನಲ್ಲಿ, ಅದರಿಂದ ಕೆಳಗಿನದೆಲ್ಲ ಅದಕ್ಕೆ ಒಂದೇ. ಹುಳಿಯನ್ನು ಕಾಣಬೇಕಾದರೆ ಶಾಲೆಯ ಬೇಲಿಯ ಬಳಿ ಹೋಗಬೇಕು. ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಸಿದರೆ ಬರುವ ರಸ ಹುಳಿಗೆ ಕಡುಗುಲಾಬಿಯಾಗುತ್ತದೆ, ಸೋಡಾಕ್ಕೆ ಹಸಿರಾಗುತ್ತದೆ. ಶಂಖಪುಷ್ಪದ ನೀಲಿ ನಿಂಬೆಗೆ ನೇರಳೆಯಾಗುತ್ತದೆ. 1664ರಲ್ಲಿ ರಾಬರ್ಟ್ ಬಾಯ್ಲ್ ಬಣ್ಣಗಳ ಬಗ್ಗೆ ಬರೆದ ಪುಸ್ತಕದಲ್ಲಿ ನೇರಳೆ ಬಣ್ಣದ ವಯೊಲೆಟ್ ಹೂವಿನ ಪಾನಕವನ್ನು ಹೀಗೇ ಬಳಸಿದ್ದ. ಹುಳಿಗೆ ಕೆಂಪು, ಕ್ಷಾರಕ್ಕೆ ಹಸಿರು. ಅವನ ಕೈಗೆ ಸಿಕ್ಕಿದ್ದು ಅವನ ನಾಡಿನ ಹೂವು, ನಮಗೆ ಸಿಗುವುದು ದೇವರ ತಲೆಗೇರುವ ಹೂವು. ಪ್ರಯೋಗಾಲಯದ ಲಿಟ್ಮಸ್ ಕಾಗದಕ್ಕೆ ಬಣ್ಣ ಬಂದಿರುವುದು ಕಲ್ಲುಹೂವಿನ ಬಳಗದ ಜೀವಿಗಳಿಂದ ಎಂದರೆ, ಮಸಾಲೆ ಡಬ್ಬಿಯಲ್ಲಿ ಕಲ್ಲುಹೂವು ಕಂಡಿರುವ ಮಕ್ಕಳು ಕಣ್ಣರಳಿಸುತ್ತಾರೆ.

ವಸ್ತು ಉತ್ತರ ಕೊಡುತ್ತದೆ ಎಂದೆ. ಆ ಮಾತಿನ ಮೇಲೆ ಇನ್ನಷ್ಟು ಹೊತ್ತು ನಿಲ್ಲಬೇಕೆನಿಸುತ್ತದೆ. ಹದಿನಾಲ್ಕು ಹದಿನೈದರ ಮಕ್ಕಳಿಗೆ ಸಿಗುವ ಉತ್ತರಗಳೆಲ್ಲ ಯಾರದೋ ಬಾಯಿಂದ ಬಂದವು. ಅಪ್ಪ ಹೇಳಿದ್ದು, ಮೇಡಂ ಬರೆಸಿದ್ದು, ಗೈಡಿನಲ್ಲಿ ಅಚ್ಚಾದದ್ದು. ಸರಿಯೋ ತಪ್ಪೋ ಎಂದು ತೀರ್ಮಾನಿಸುವ ಕೆಂಪು ಶಾಯಿ ಸದಾ ಬೇರೆಯವರ ಕೈಯಲ್ಲಿ. ಪ್ರನಾಳದ ಮುಂದೆ ಮಾತ್ರ ಈ ಸಾಲು ತಲೆಕೆಳಗಾಗುತ್ತದೆ. ಅಲ್ಲಿ ಹಿಂದಿನ ಬೆಂಚಿನ ಹುಡುಗನಿಗೂ ಮೊದಲ ರ‍್ಯಾಂಕಿನ ಹುಡುಗಿಗೂ ಸುಣ್ಣದ ತಿಳಿ ಒಂದೇ ರೀತಿ ಕದಡುತ್ತದೆ. ಜಾತಿ, ಅಂಕ, ಇಂಗ್ಲಿಷು ಯಾವುದನ್ನೂ ಅದು ಕೇಳುವುದಿಲ್ಲ. ಕೇಳಿದ ರೀತಿ ಸರಿಯಿದ್ದರೆ ಸಾಕು, ಉತ್ತರ ಬರುತ್ತದೆ. ಇಂಥ ನಿಷ್ಪಕ್ಷಪಾತವನ್ನು ಮಗುವೊಂದು ಬದುಕಿನಲ್ಲಿ ಮೊದಲು ಕಾಣುವುದು ಬಹುಶಃ ಇಲ್ಲೇ.

ಲಂಡನ್ನಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗನೊಬ್ಬನಿಗೆ ಹೀಗೇ ಆಯಿತು. ಕಮ್ಮಾರನ ಮಗ, ಶಾಲೆ ಕಂಡದ್ದು ಅಷ್ಟಕ್ಕಷ್ಟೆ. ರಟ್ಟಿಗೆ ಬಂದ ಪುಸ್ತಕಗಳನ್ನು ಓದುತ್ತ ಅವನಿಗೆ ಜೇನ್ ಮಾರ್ಸೆಟ್ ಎಂಬಾಕೆ ಬರೆದ ರಸಾಯನಶಾಸ್ತ್ರದ ಪುಸ್ತಕ ಸಿಕ್ಕಿತು. ಒಬ್ಬ ಶಿಕ್ಷಕಿ ಇಬ್ಬರು ಹುಡುಗಿಯರೊಂದಿಗೆ ನಡೆಸುವ ಸಂಭಾಷಣೆಯ ರೂಪದಲ್ಲಿದ್ದ ಪುಸ್ತಕವದು. ಓದಿದ್ದನ್ನು ಹುಡುಗ ಸುಮ್ಮನೆ ನಂಬಲಿಲ್ಲ. ಕೈಗೆಟುಕುವ ಸಾಮಾನಿನಲ್ಲೇ ಸಣ್ಣಪುಟ್ಟ ಪ್ರಯೋಗ ಮಾಡಿ ನೋಡಿದ. ಪುಸ್ತಕ ಹೇಳಿದ್ದು ನಿಜವೆಂದು ತನಗೆ ತಾನೇ ಗೊತ್ತಾದ ಮೇಲೆ ಅದನ್ನು ಗಟ್ಟಿಯಾಗಿ ಹಿಡಿದುಕೊಂಡ. ಆ ಹುಡುಗ ಮೈಕೆಲ್ ಫ್ಯಾರಡೆ. ಬಹಳ ವರ್ಷಗಳ ನಂತರ, 1860ರ ಕ್ರಿಸ್‌ಮಸ್ ದಿನಗಳಲ್ಲಿ, ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಕ್ಕಳ ಮುಂದೆ ಒಂದು ಮೇಣದ ಬತ್ತಿ ಹಚ್ಚಿಟ್ಟುಕೊಂಡು ಆರು ಉಪನ್ಯಾಸಗಳನ್ನು ಕೊಟ್ಟ. ಬತ್ತಿ ಉರಿದಾಗ ಬರುವ ಗಾಳಿಯೂ ನಮ್ಮ ಉಸಿರೂ ಸುಣ್ಣದ ತಿಳಿನೀರನ್ನು ಒಂದೇ ಬಗೆಯಲ್ಲಿ ಬೆಳ್ಳಗಾಗಿಸುವುದನ್ನು ತೋರಿಸಿದ. ನಮ್ಮ ಎದೆಯೊಳಗೂ ಒಂದು ನಿಧಾನದ ಉರಿ ಇದೆಯೆಂದು ಮಕ್ಕಳು ಅಲ್ಲಿ ಕಣ್ಣಾರೆ ಕಂಡರು.

ಸುಣ್ಣದ ತಿಳಿಯ ವಿಷಯಕ್ಕೆ ಬಂದರೆ ನನಗೆ ಬೇಗ ಮುಂದೆ ಹೋಗಲಾಗುವುದಿಲ್ಲ. ಇಷ್ಟು ಅಗ್ಗವಾದ, ಇಷ್ಟು ಆಳವಾದ ಪ್ರಯೋಗ ಇನ್ನೊಂದಿಲ್ಲ. ಎಲೆಯಡಿಕೆಯ ಸುಣ್ಣವನ್ನೇ ನೀರಿನಲ್ಲಿ ಕದಡಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನು ಬಸಿದುಕೊಂಡರಾಯಿತು. ಕೊಳವೆಯಿಂದ ಅದಕ್ಕೆ ಉಸಿರೂದಿದರೆ ಕ್ಷಣಗಳಲ್ಲಿ ಹಾಲು. ಇನ್ನೊಂದು ಪ್ರನಾಳಕ್ಕೆ ಸೈಕಲ್ ಪಂಪಿನಿಂದ ಬರೀ ಗಾಳಿ ಹೊಡೆಯುತ್ತ ಹೋದರೆ ಕೈ ಸೋಲುತ್ತದೆ, ನೀರು ಮಾತ್ರ ಬೇಗ ಬೆಳ್ಳಗಾಗದು. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಶೇಕಡಾ 0.04ರಷ್ಟು, ಬಿಡುವ ಉಸಿರಿನಲ್ಲಿ ಶೇಕಡಾ 4ರಷ್ಟು. ಈ ನೂರು ಪಟ್ಟನ್ನು ಪುಸ್ತಕದಲ್ಲಿ ಓದಿದವರು ಮರೆಯುತ್ತಾರೆ. ಪಂಪು ಹೊಡೆದ ತೋಳು ಮರೆಯುವುದಿಲ್ಲ.

ಇಲ್ಲಿಗೆ ನಿಲ್ಲಿಸುವ ಶಾಲೆಗಳೇ ಹೆಚ್ಚು. ನಿಲ್ಲಿಸಬಾರದು. ಬೆಳ್ಳಗಾದ ನೀರಿಗೆ ಇನ್ನೂ ಆ ಅನಿಲವನ್ನೇ ಹಾಯಿಸುತ್ತ ಹೋದರೆ ಬಿಳುಪು ಕರಗಿ ನೀರು ಮತ್ತೆ ತಿಳಿಯಾಗುತ್ತದೆ! ಯಾವುದು ಕದಡಿತೋ ಅದೇ ತಿಳಿ ಮಾಡಿತು. ಇದಕ್ಕೆ ಸ್ವಲ್ಪ ಜಾಣತನ ಬೇಕು. ಗಟ್ಟಿ ತಿಳಿನೀರಿಗೆ ಬಾಯಿಂದ ಎಷ್ಟು ಊದಿದರೂ ಅದು ಒಪ್ಪುವುದಿಲ್ಲ. ತಿಳಿಗೆ ಎರಡರಷ್ಟು ನೀರು ಬೆರೆಸಿ ತೆಳ್ಳಗೆ ಮಾಡಿಕೊಂಡು, ಅಡುಗೆ ಸೋಡಾ ಮತ್ತು ವಿನೆಗರ್ ಸೇರಿದಾಗ ಹೊಮ್ಮುವ ಅನಿಲವನ್ನು ಹಾಯಿಸಬೇಕು. ಮೊದಲು ಹುಟ್ಟಿದ್ದು ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟು, ಈಗಿನದು ಕರಗುವ ಬೈಕಾರ್ಬೊನೇಟು. ಆ ತಿಳಿನೀರನ್ನು ಕಾಯಿಸಿದರೆ ಅನಿಲ ಹಾರಿಹೋಗಿ ಬಿಳುಪು ಮರಳಿ ಬರುತ್ತದೆ. ದಾಂಡೇಲಿ ಕಾಡಿನ ಕವಳಾ ಗುಹೆಯಲ್ಲಿ ಭಕ್ತರು ಪೂಜಿಸುವ ಲಿಂಗ ಬೆಳೆದದ್ದೂ ಇದೇ ಕ್ರಿಯೆಯಿಂದ. ಮಣ್ಣಿನೊಳಗಿಳಿಯುವ ಮಳೆನೀರು ಅನಿಲ ಹೀರಿ ಸುಣ್ಣಗಲ್ಲನ್ನು ಕರಗಿಸಿಕೊಂಡು ಬರುತ್ತದೆ, ಗುಹೆಯ ಗಾಳಿಗೆ ಅನಿಲ ಬಿಟ್ಟುಕೊಟ್ಟು ಹನಿ ಹನಿಯಾಗಿ ಕಲ್ಲನ್ನು ಇಳಿಸುತ್ತದೆ. ಗುಹೆ ಸಾವಿರಾರು ವರ್ಷ ತೆಗೆದುಕೊಂಡ ಕೆಲಸವನ್ನು ಒಂದು ಪೀರಿಯಡ್ಡಿನಲ್ಲಿ ಹಿಂದೆ ಮುಂದೆ ನಡೆಸಿ ನೋಡಿದ ಮಕ್ಕಳು ಅಲ್ಲಿಗೆ ಹೋದರೆ ಕೈಮುಗಿಯದೆ ಬರುತ್ತಾರೆಯೇ? ನನಗೇನೋ ಅವರ ನಮಸ್ಕಾರಕ್ಕೆ ತೂಕ ಹೆಚ್ಚೀತು ಅನಿಸುತ್ತದೆ.

ಕರಾವಳಿಯಲ್ಲಿ ಇದೇ ಕಾರ್ಬೊನೇಟಿನ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. 100 ಗ್ರಾಂ ಶುದ್ಧ ಕಾರ್ಬೊನೇಟು ಪೂರ್ತಿ ಸುಟ್ಟರೆ ಉಳಿಯುವುದು 56 ಗ್ರಾಂ. ಕಾಣೆಯಾದ 44 ಗ್ರಾಂ ಏನೆಂದು ತಕ್ಕಡಿ ಹಿಡಿದು ಹುಡುಕಿದವನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್, 1750ರ ದಶಕದಲ್ಲಿ. ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸಿ ಗೋಡೆಗೆ ಬಳಿದರೆ ಅದು ಗಾಳಿಯಿಂದ ಆ ಕಾಣೆಯಾದ ಇಂಗಾಲದ ಡೈಆಕ್ಸೈಡನ್ನು ಮರಳಿ ಪಡೆದು ಕಲ್ಲಾಗುತ್ತದೆ. ಸಮುದ್ರದ ಜೀವಿ ಕಟ್ಟಿದ ಚಿಪ್ಪು ಬೆಂಕಿ ದಾಟಿ, ನೀರು ದಾಟಿ, ಮನೆಯ ಗೋಡೆಯ ಮೇಲೆ ಮತ್ತೆ ತಾನೇ ಆಗಿ ನಿಲ್ಲುತ್ತದೆ.

ಮಲೆನಾಡಿನ ಮಕ್ಕಳಿಗೆ ಇನ್ನೊಂದು ಸಿರಿ ಇದೆ: ಮೈಲುತುತ್ತ, ಪುಸ್ತಕದ ಮಾತಿನಲ್ಲಿ ತಾಮ್ರದ ಸಲ್ಫೇಟ್. ಮಳೆಗಾಲದ ಹೊಸ್ತಿಲಲ್ಲಿ ಅಡಿಕೆ ತೋಟದ ಮನೆಗಳಲ್ಲೆಲ್ಲ ಅದರ ನೀಲಿ. ಕೊಳೆರೋಗ ಬಿದ್ದರೆ ಎಳೆಗಾಯಿಗಳು ಕೊಳೆತು ಮರದಡಿ ಉದುರುತ್ತವೆ. ಅಡಿಕೆಯ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆ ತಾಗದಂತೆ ಕಾಯುವುದು ಹಳೆಯ ದಾರಿ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನು ಹತ್ತಿ, ಅದನ್ನು ತರುವ ಸೂಕ್ಷ್ಮಜೀವಿಯನ್ನು ಅಧ್ಯಯನ ಮಾಡಿ, ಬೋರ್ಡೋ ದ್ರಾವಣ ಹೊಡೆಯುವ ದಾರಿ ತೋರಿಸಿದರು. ಆ ದ್ರಾವಣದ ಹುಟ್ಟೂ ಒಂದು ಬೆರಗಿನಿಂದಲೇ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲೆಸಿ ಎರಚುತ್ತಿದ್ದರು. ಊರೆಲ್ಲ ಬೂಜುರೋಗ ಬಂದಾಗ ಆ ಬಳ್ಳಿಗಳಷ್ಟೇ ಹಸಿರಾಗಿ ಉಳಿದದ್ದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಕಂಡ, ಪರೀಕ್ಷಿಸಿದ, 1885ರಲ್ಲಿ ಪ್ರಕಟಿಸಿದ. ದಿನವೂ ಆ ದಾರಿಯಲ್ಲಿ ಹೋಗುತ್ತಿದ್ದವರು ಎಷ್ಟೋ ಮಂದಿ. ನಿಂತು ನೋಡಿದವನು ಅವನು.

ನಮ್ಮ ತೋಟಗಳಲ್ಲಿ 1 ಕಿಲೋ ಮೈಲುತುತ್ತಕ್ಕೆ 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ. ಕಲೆಸಿದ ಮೇಲೆ ಅನುಭವಸ್ಥರು ಹೊಳೆಯುವಂತೆ ಉಜ್ಜಿದ ಕತ್ತಿಯನ್ನು ದ್ರಾವಣಕ್ಕೆ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಕೂತಿದ್ದರೆ ಸುಣ್ಣ ಸಾಲದು ಎಂದರ್ಥ. ಹತ್ತನೆಯ ತರಗತಿಯ ಪುಸ್ತಕದಲ್ಲಿ ತಾಮ್ರದ ಸಲ್ಫೇಟ್ ದ್ರಾವಣದೊಳಗೆ ಕಬ್ಬಿಣದ ಮೊಳೆ ಇಳಿಬಿಡುವ ಚಟುವಟಿಕೆ ಇದೆಯಲ್ಲ, ಕಂದು ಬಣ್ಣ ಮೊಳೆಗೆ ಹತ್ತಿ ನೀಲಿ ತಿಳಿಯಾಗುವುದು, ಸ್ಥಾನಪಲ್ಲಟ ಕ್ರಿಯೆ ಎಂದು ಮಕ್ಕಳು ಉರು ಹೊಡೆಯುವುದು, ಅದು ಅಕ್ಷರಶಃ ಇದೇ. ಕಬ್ಬಿಣ ದ್ರಾವಣಕ್ಕಿಳಿದು ತಾಮ್ರವನ್ನು ಹೊರಗೆ ಕಳಿಸುತ್ತದೆ. ಅಜ್ಜ ಕತ್ತಿ ಅದ್ದಿ ನೋಡುವುದನ್ನು ಜಗಲಿಯಲ್ಲಿ ಕೂತು ಕಂಡ ಹುಡುಗ ಶಾಲೆಯಲ್ಲಿ ಅದನ್ನೇ ಬಾಯಿಪಾಠ ಮಾಡುತ್ತಾನೆ, ಎರಡೂ ಒಂದೇ ಎಂದು ಅವನಿಗೆ ಯಾರೂ ಹೇಳಿಲ್ಲ. ಇದು ನನ್ನನ್ನು ಬಹಳ ಕಾಡುವ ಸಂಗತಿ. ಅಡಿಕೆ ಸುಲಿಯುವವರ ಬೆರಳೇಕೆ ಕಪ್ಪಾಗುತ್ತದೆ, ಎಲೆಯಡಿಕೆಗೆ ಸುಣ್ಣ ಸೇರಿದಾಗ ಬಾಯೇಕೆ ಕೆಂಪಾಗುತ್ತದೆ, ಗಟ್ಟಿ ಚಹಾದ ಡಿಕಾಕ್ಷನ್ನಿಗೆ ಒಂದು ಚೂರು ಅನ್ನಭೇದಿ ಬಿದ್ದರೆ ಅದೇಕೆ ಮಸಿಯಂತಾಗುತ್ತದೆ? ಊರೆಲ್ಲ ಇಂಥ ಪ್ರಶ್ನೆಗಳು ಬಿದ್ದಿವೆ. ಶಾಲೆಯ ಬಾಗಿಲು ಅವುಗಳಿಗೆ ತೆರೆದಿರಬೇಕು.

ಮೈಲುತುತ್ತದ ಹರಳಿನದು ಇನ್ನೂ ಒಂದು ಗುಟ್ಟು. ಕೈಗೆ ಒಣಕಲ್ಲಿನಂತೆ ತಾಗುವ ಆ ಹರಳಿನ ತೂಕದಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ನೀರೇ. 10 ಗ್ರಾಂ ಹರಳಿನಲ್ಲಿ 3.6 ಗ್ರಾಂ. ಪ್ರನಾಳದಲ್ಲಿ ಹಾಕಿ ಮೆಲ್ಲಗೆ ಕಾಯಿಸಿದರೆ ಪ್ರನಾಳದ ಬಾಯಿಯಲ್ಲಿ ಹನಿಗಳು ಮೂಡುತ್ತವೆ, ನೀಲಿ ಇಳಿದು ಬೂದಿಯಂಥ ಬಿಳಿ ಪುಡಿ ಉಳಿಯುತ್ತದೆ. ಆರಿದ ಮೇಲೆ ಒಂದು ಹನಿ ನೀರು ಬಿಟ್ಟರೆ ನೀಲಿ ಎದ್ದು ಬರುತ್ತದೆ. ಪ್ರನಾಳವನ್ನು ಹಿಡಿದವರಿಗೆ ಮಾತ್ರ ಗೊತ್ತಾಗುವ ಸಂಗತಿಯೊಂದಿದೆ: ಆಗ ಗಾಜು ಬೆಚ್ಚಗಾಗುತ್ತದೆ. ನೀರನ್ನು ಓಡಿಸಲು ಕೊಟ್ಟ ಬಿಸಿಯನ್ನು ನೀರು ಮರಳುವಾಗ ಹರಳು ಹಿಂದಿರುಗಿಸುತ್ತಿದೆ. ಸ್ಮಾರ್ಟ್ ಕ್ಲಾಸಿನ ಪರದೆಯ ಮೇಲೆ ನೀಲಿ ಮರಳುವುದು ಕಾಣುತ್ತದೆ, ಈ ಬೆಚ್ಚನೆ ಕಾಣುವುದಿಲ್ಲ. ವೀಡಿಯೊಗಳನ್ನು ನಾನು ಬೇಡವೆನ್ನುವುದಿಲ್ಲ. ಸೋಡಿಯಂ ನೀರಿನ ಮೇಲೆ ಉರಿದೋಡುವುದನ್ನು ಮಕ್ಕಳು ದೂರದಿಂದಲೇ ನೋಡಲಿ. ಆದರೆ ವೀಡಿಯೊದಲ್ಲಿ ಪ್ರಯೋಗ ಯಾವಾಗಲೂ ಸರಿಯಾಗುತ್ತದೆ. ಊದಿದರೂ ತಿಳಿಯಾಗದ ಸುಣ್ಣದ ನೀರು, ಹಟ ಹಿಡಿದು ಹತ್ತಿಕೊಳ್ಳದ ಮೆಗ್ನೀಸಿಯಂ ಪಟ್ಟಿ ಅಲ್ಲಿಲ್ಲ. ಪಟ್ಟಿಯನ್ನು ಮರಳುಕಾಗದದಿಂದ ಉಜ್ಜಿ ಮೇಲಿನ ಪೊರೆ ತೆಗೆಯಬೇಕಿತ್ತು ಎಂದು ಹತ್ತಿಕೊಳ್ಳದಿದ್ದಾಗಲೇ ಹೊಳೆಯುವುದು.

ಹೆದರಿಕೆಯ ಮಾತೂ ಇದೆ, ಅದು ಸುಳ್ಳಲ್ಲ. ಮೈಲುತುತ್ತ ವಿಷ, ಕೈ ತೊಳೆಯದೆ ಬುತ್ತಿ ಬಿಚ್ಚಬಾರದು, ಉಳಿದದ್ದನ್ನು ಕೆರೆಗೆ ಸುರಿಯಬಾರದು. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕೆ ಹಾಕಬಾರದು. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಪುಸ್ತಕದಲ್ಲಿರುವ ಸೀಸದ ನೈಟ್ರೇಟು, ಪೊಟ್ಯಾಸಿಯಂ ಅಯೊಡೈಡು ಸೇರಿ ಬಂಗಾರದ ಹಳದಿ ಇಳಿಯುವುದು ಕಣ್ಣಿಗೆ ಹಬ್ಬ, ಆದರೆ ಸೀಸ ಮಕ್ಕಳ ಮೈಗೆ ಕೆಟ್ಟದ್ದು. ಅದನ್ನು ಶಿಕ್ಷಕರೇ ಮಾಡಿ ತೋರಿಸಲಿ ಎಂಬುದು ನನ್ನ ಮತ. ಉಳಿದ ಬಹುಪಾಲನ್ನು ಹನಿಗಳಲ್ಲೇ ಮಾಡಬಹುದು. ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಕೆಳಗೊಂದು ಬಿಳಿ ಕಾಗದ, ಎರಡು ಹನಿ ಇದು, ಎರಡು ಹನಿ ಅದು. ನಲವತ್ತು ಮಕ್ಕಳೂ ಅವರವರ ಕೈಯಾರೆ ಮಾಡಬಹುದು, ಖರ್ಚೂ ಕಡಿಮೆ, ಅಪಾಯವೂ ಕಡಿಮೆ. ಒಂದು ಹನಿ ಎಂದರೆ ಅಲ್ಪವೆಂದೂ ತಿಳಿಯಬೇಕಿಲ್ಲ. ನೀರಿನ ಒಂದು ಹನಿಯಲ್ಲಿರುವ ಅಣುಗಳ ಸಂಖ್ಯೆ ಬರೆಯಲು ಒಂದರ ಮುಂದೆ 21 ಸೊನ್ನೆ ಬೇಕು.

ಇಂಥ ಪ್ರಯೋಗಗಳನ್ನು ಸರ್ಕಾರಿ ಶಾಲೆಗಳಲ್ಲಿ ಮಾಡಿಸಲಾಗದು ಎನ್ನುವವರಿಗೆ ಮಧ್ಯಪ್ರದೇಶದ ಅಂದಿನ ಹೋಶಂಗಾಬಾದಿನ ಹೆಸರು ಹೇಳಬೇಕು. 1972ರಲ್ಲಿ 16 ಶಾಲೆಗಳಲ್ಲಿ ಶುರುವಾದ ಅಲ್ಲಿನ ವಿಜ್ಞಾನ ಕಾರ್ಯಕ್ರಮದಲ್ಲಿ ಹಳ್ಳಿಯ ಮಕ್ಕಳು ಪ್ರಯೋಗ ಮಾಡಿಯೇ ವಿಜ್ಞಾನ ಕಲಿತರು. ಪುಸ್ತಕ ತೆರೆದಿಟ್ಟುಕೊಂಡು ಪರೀಕ್ಷೆ ಬರೆದರು. ಸರ್ಕಾರವೇ 2002ರಲ್ಲಿ ಅದನ್ನು ನಿಲ್ಲಿಸಿತು. ಮೂವತ್ತು ವರ್ಷ ನಡೆದದ್ದು ಆಗದ ಕೆಲಸವಲ್ಲ.

ಸಾಗರದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಕತ್ತಿಯ ಪರೀಕ್ಷೆ ಮಾಡಿದ ದಿನ ನಾನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಕತ್ತಿಯ ಬದಲಿಗೆ ಅದ್ದಿದ ಮೊಳೆಗಳು ಬರೀ ಮೈಲುತುತ್ತದ ನೀರಿನಲ್ಲಿ ಕೆಂಪಾದವು, ಸುಣ್ಣ ಸೇರಿಸಿದ ದ್ರಾವಣದಲ್ಲಿ ಹೊಳಪಾಗಿಯೇ ಉಳಿದವು. ಆಗ ಹುಡುಗಿಯೊಬ್ಬಳು ಎದ್ದು, "ಸರ್, ಕೊಳೆರೋಗ ಕೊಲ್ಲುವ ತಾಮ್ರ ಎಲೆಯನ್ನು ಯಾಕೆ ಕೊಲ್ಲೋದಿಲ್ಲ?" ಎಂದು ಕೇಳಿದಳು. ಮೇಷ್ಟ್ರು ಉತ್ತರ ಹೇಳಬಹುದಿತ್ತು: ಸುಣ್ಣ ತಾಮ್ರವನ್ನು ಕರಗದ ರೂಪದಲ್ಲಿ ಹಿಡಿದಿಡುತ್ತದೆ, ಅಲ್ಲಿಂದ ಅಷ್ಟಷ್ಟೇ ಬಿಡುಗಡೆಯಾಗುವ ತಾಮ್ರ ರೋಗದ ಬೀಜಾಣುಗಳಿಗೆ ಸಾಕಾಗುತ್ತದೆ, ಎಲೆಯನ್ನು ಸುಡಲು ಸಾಲದು. ಅವರು ಹಾಗೆ ಮಾಡದೆ ಅಂಗಳದ ಗಿಡದ ಎರಡು ಎಲೆಗಳಿಗೆ ದಾರ ಕಟ್ಟಿಸಿದರು. ಒಂದಕ್ಕೆ ಬರೀ ಮೈಲುತುತ್ತದ ನೀರು, ಇನ್ನೊಂದಕ್ಕೆ ಸುಣ್ಣ ಸೇರಿದ್ದು. ಮುಂದಿನ ವಾರ ಮೊದಲನೆಯ ಎಲೆಯಲ್ಲಿ ಹನಿ ಬಿದ್ದಲ್ಲೆಲ್ಲ ಸುಟ್ಟ ಚುಕ್ಕೆ, ಎರಡನೆಯದರ ಮೇಲೆ ತೆಳುನೀಲಿ ಲೇಪ, ಅದರಡಿ ಹಸಿರು. ತರಗತಿಯೆಲ್ಲ ಗಿಡದ ಸುತ್ತ ಬಗ್ಗಿ ನಿಂತಿತ್ತು. ಆ ಹುಡುಗಿಗೆ ಇಷ್ಟು ಸಾಕಾಗಲಿಲ್ಲ. "ಸುಣ್ಣ ಎಷ್ಟು ಕಮ್ಮಿಯಾದ್ರೆ ಸುಡೋಕೆ ಶುರುವಾಗತ್ತೆ ಸರ್?" ಎಂದಳು. ಮೇಷ್ಟ್ರು ದಾರದ ಉಂಡೆಯನ್ನು ಅವಳ ಕೈಗೇ ಕೊಟ್ಟು, ಇನ್ನೈದು ಎಲೆ ನೋಡಿಕೋ ಎಂದರು.